ತಳಕಲ್–ಕುಷ್ಟಗಿ ಹೊಸ ಲೈನು: ಬೆಳಗಿನ ರೈಲಿನಲ್ಲಿ ಹೋಗಿಬಂದ ಕಥೆ, ಜೊತೆಗೆ ಒಂದು ತಕರಾರು

ಹಳಿಮೇಲೆ_ಕೊಪ್ಪಳ

ಕುಷ್ಟಗಿ ರೈಲಿನಲ್ಲಿ ಒಂದು ದಿನದ ಟ್ರಿಪ್ ಮಾಡೋದು ಹೇಗೆ ಅಂತ ಇಲ್ಲಿ ಕೆಲವರು ಕೇಳಿದ್ದರು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೊಪ್ಪಳದವರು ರೈಲಿನಲ್ಲೇ ಹೋಗಿ, ಊರು ನೋಡಿ, ಅದೇ ದಿನ ರೈಲಿನಲ್ಲೇ ವಾಪಸ್ ಬರೋಕೆ ಆಗುವುದಿಲ್ಲ. ಬೆಳಿಗ್ಗೆ ಕುಷ್ಟಗಿ ಬಿಟ್ಟ ರೈಲು ಹುಬ್ಬಳ್ಳಿಗೆ ಹೋಗುತ್ತದೆ. ಸಂಜೆ ಹುಬ್ಬಳ್ಳಿ ಬಿಟ್ಟು ರಾತ್ರಿ ಕುಷ್ಟಗಿ ಸೇರುತ್ತದೆ. ಅಲ್ಲಿಗೆ ಮುಗಿಯಿತು. ಸಂಜೆ ಗದಗಿನಲ್ಲಿ ಹತ್ತಿದರೆ ಹೊಸ ಲೈನಿಗೆ ಬರೋ ಹೊತ್ತಿಗೆ ಕತ್ತಲಾಗಿರುತ್ತದೆ. ಕಿಟಕಿಯಲ್ಲಿ ನಮ್ಮ ಮುಖವೇ ಕಾಣೋದು. ಹಾಗಾಗಿ ಹಿಂದಿನ ದಿನವೇ ಬಸ್ಸಿಗೆ ಕುಷ್ಟಗಿ ಸೇರಿ, ರಾತ್ರಿ ಅಲ್ಲೇ ಉಳಿದು, ಬೆಳಗಿನ ರೈಲು ಹಿಡಿಯಿರಿ.

ನನಗೆ ಅಲ್ಲಿ ಸೋದರತ್ತೆ ಮನೆ ಇರೋದರಿಂದ ಲಾಡ್ಜ್ ಖರ್ಚು ಉಳಿಯಿತು. ಬೈಗುಳ ಮಾತ್ರ ತಪ್ಪಲಿಲ್ಲ. "ರೈಲು ನೋಡಾಕಂತ ಬಸ್ಸಿಗೆ ಬಂದೀಯಲ್ಲೊ, ನಿಮ್ಮೂರಾಗ ರೈಲಿಲ್ಲೇನು?" ಅಂತ ಅತ್ತೆ ಕೇಳಿದಳು. ಕೊಪ್ಪಳದಲ್ಲಿ ದಿನಾ ರೈಲು ನೋಡುವವನು ಇಲ್ಲಿಗೆ ಯಾಕೆ ಬಂದ ಅನ್ನೋದನ್ನ ಅವಳಿಗೆ ತಿಳಿಸಿ ಹೇಳೋದು ಕಷ್ಟ. ಇಲ್ಲಿರುವವರಿಗೆ ಹೇಳಬೇಕಿಲ್ಲ, ಅಲ್ವಾ?

ನಿಲ್ದಾಣ ಊರ ಹೊರಗಿದೆ. ಆಟೊ ಬೇಕು. ಸ್ವಲ್ಪ ಬೇಗ ಹೋಗಿದ್ದಕ್ಕೆ ಎಂಜಿನ್ ಜೋಡಿಸೋದು ನೋಡಲು ಸಿಕ್ಕಿತು. ಕುಷ್ಟಗಿ ಸದ್ಯಕ್ಕೆ ಲೈನಿನ ಕೊನೆ. ಹುಬ್ಬಳ್ಳಿಯಿಂದ ಎಳೆದುಕೊಂಡು ಬಂದ ಎಂಜಿನ್ ಕಡೆಯ ತುದಿಯಲ್ಲೇ ಉಳಿಯುತ್ತದೆ. ಅದನ್ನು ಬಿಚ್ಚಿ, ಪಕ್ಕದ ಲೈನಿನ ಮೇಲೆ ತಂದು, ಬೋಗಿಗಳ ಇನ್ನೊಂದು ತುದಿಗೆ ಸೇರಿಸಬೇಕು. ಪಾಯಿಂಟ್ಸ್‌ಮನ್ ಹಸಿರು ಬಾವುಟ ಆಡಿಸುತ್ತಾ ಹಿಂದೆ ಹಿಂದೆ ಬಂದ. ಎಂಜಿನ್ ಹೆಜ್ಜೆ ಹೆಜ್ಜೆ ಸರಿದು ಒಮ್ಮೆ 'ಖಡಲ್' ಅಂದಿತು. ಅವನು ಬಗ್ಗಿ ಒಳಗೆ ಹೋಗಿ, ಕಪ್ಲಿಂಗ್ ಲಾಕ್ ಆಗಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ, ಗಾಳಿ ಪೈಪ್ ಸಿಕ್ಕಿಸಿ, ಕಾಕ್ ತಿರುಗಿಸಿದ. ಬೋಗಿಗಳ ಉದ್ದಕ್ಕೂ 'ಉಸ್ಸ್' ಅಂತ ಗಾಳಿ ಹರಿಯೋ ಸದ್ದು ಕೇಳಿಸಿತು. ಬ್ರೇಕ್ ಪೈಪಿನಲ್ಲಿ ಚದರ ಸೆಂ.ಮೀ.ಗೆ 5 ಕೆ.ಜಿ. ಒತ್ತಡ ಏರುವವರೆಗೆ ಯಾರೂ ಕದಲುವುದಿಲ್ಲ. ದೊಡ್ಡ ಜಂಕ್ಷನ್‌ಗಳಲ್ಲಿ ಈ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡೋಕೆ ಯಾರು ಬಿಡ್ತಾರೆ? ಇಲ್ಲಿ ಪ್ಲಾಟ್‌ಫಾರ್ಮ್ ಮೇಲೆ ನಿಂತೇ ಎಲ್ಲಾ ಕಾಣುತ್ತದೆ.

ರೈಲು ಹೊರಟ ಮೇಲೆ ಬಲಗಡೆ ಕಿಟಕಿಗೆ ಕೂರಿ. ಬೆಳಗಿನ ಬಿಸಿಲು ಎಡದಿಂದ ಬರುತ್ತದೆ, ಬಲಕ್ಕೆ ಫೋಟೊ ಚೆನ್ನಾಗಿ ಬರುತ್ತದೆ. ಕುಷ್ಟಗಿ ಬಿಟ್ಟ ಮೇಲೆ ಮೊದಲಿಗೆ ಕೆಂಪು ನೆಲ, ಕಟಾವಾದ ಸಜ್ಜೆ ಹೊಲ, ಅಲ್ಲೊಂದು ಇಲ್ಲೊಂದು ದಾಳಿಂಬೆ ತೋಟ. ಒಂದು ಕಡೆ ಬಂಡೆ ಕಡಿದು ದಾರಿ ಮಾಡಿದ್ದಾರೆ. ಆ ಕಟಿಂಗ್‌ನ ಗೋಡೆ ನೋಡಿ. ಮೇಲಿಂದ ಕೆಳಗಿನವರೆಗೆ ಡ್ರಿಲ್ ಹೊಡೆದ ಅರ್ಧರ್ಧ ತೂತುಗಳ ಸಾಲು ಹಾಗೇ ಉಳಿದಿದೆ. ಹಳೇ ಲೈನುಗಳಲ್ಲಿ ಇಂಥ ಗುರುತುಗಳನ್ನ ಮಳೆ ಯಾವಾಗಲೋ ಅಳಿಸಿರುತ್ತದೆ, ಇಲ್ಲ ಗಿಡ ಮುಚ್ಚಿರುತ್ತದೆ. ಇಲ್ಲಿ ಕಲ್ಲು ಇನ್ನೂ ಹಸಿಯಾಗಿ ಕಾಣುತ್ತದೆ. ಜಲ್ಲಿಗೂ ಧೂಳು ಕೂತಿಲ್ಲ.

ಹನುಮಾಪುರ ದಾಟಿ ಯಲಬುರ್ಗಾ ಕಡೆ ಬರುತ್ತಿದ್ದ ಹಾಗೆ ನೆಲ ಕಪ್ಪಾಗುತ್ತದೆ. ಹಿಂಗಾರಿ ಬಿತ್ತನೆಗೆ ಹರಗಿದ ಹೊಲಗಳು, ತೊಗರಿ, ಆಮೇಲೆ ಗಾಳಿಯಂತ್ರಗಳು. ಎಷ್ಟಿವೆ ಅಂತ ಎಣಿಸೋಕೆ ಹೋಗಬೇಡಿ, ಸುಮ್ನೆ ತಲೆ ತಿರುಗುತ್ತದೆ. ಕುಕನೂರಿನವರೆಗೂ ಅವು ಜೊತೆಗೇ ಬರುತ್ತವೆ. ಕುಕನೂರು ಆದ ಮೇಲೆ ಸ್ವಲ್ಪ ಹೊತ್ತಿಗೆ ತಳಕಲ್. ಸುಮಾರು 56 ಕಿ.ಮೀ. ಹೊಸ ಹಳಿ ಅಲ್ಲಿಗೆ ಮುಗಿದು, ರೈಲು ಗದಗ ಕಡೆಯ ಹಳೇ ದಾರಿಗೆ ಸೇರುತ್ತದೆ. ನಾನು ಗದಗಿನವರೆಗೆ ಹೋಗಿ, ಒಗ್ಗರಣಿ–ಮಿರ್ಚಿ ತಿಂದು, ಬೇರೆ ರೈಲಿಗೆ ಕೊಪ್ಪಳಕ್ಕೆ ಬಂದೆ.

ಈಗ ತಕರಾರು. ನನ್ನ ಎದುರಿಗೆ ಕೂತಿದ್ದ ಹಿರಿಯರು ಕೊಪ್ಪಳದ ಡಿಸಿ ಆಫೀಸಿಗೆ ಹೊರಟಿದ್ದರು, ಜಮೀನಿನ ಕಾಗದದ ಕೆಲಸ. ತಳಕಲ್‌ನಲ್ಲಿ ಇಳಿದು ಬಸ್ ಹಿಡೀತೀನಿ ಅಂದರು. ಅವರ ಜೊತೆ ಬುತ್ತಿಗಂಟು, ಊರುಗೋಲು, ಒಂದು ಪ್ಲಾಸ್ಟಿಕ್ ಫೈಲು. ಕೊಪ್ಪಳ ಜಿಲ್ಲೆಯ ಒಳಗೇ ಹಾಕಿದ ಲೈನು ಇದು. ಆದರೆ ರೈಲು ಕೊಪ್ಪಳಕ್ಕೆ ಬರುವುದಿಲ್ಲ. ತಳಕಲ್‌ನಿಂದ ಕೊಪ್ಪಳಕ್ಕೆ ನಡುವೆ ಇರೋದು ಭಾನಾಪುರ ಒಂದೇ ನಿಲ್ದಾಣ!

ಕುಷ್ಟಗಿ_ಬಯಲು

ಅಣ್ಣಾ, ಲೇಖನ ಚೆನ್ನಾಗಿದೆ. ಆದರೆ ತಕರಾರು ಪೂರ್ತಿ ಒಪ್ಪುವುದಿಲ್ಲ. ನಮಗೆ ಹುಬ್ಬಳ್ಳಿ ಬೇಕು. ದೊಡ್ಡ ಆಸ್ಪತ್ರೆ ಅಂದರೆ ಹುಬ್ಬಳ್ಳಿ, ಅಂಗಡಿ ಮಾಲು ಅಂದರೆ ಹುಬ್ಬಳ್ಳಿ. ಇಳಕಲ್ ಕಡೆಯಿಂದಲೂ ಸೀರೆ ಗಂಟು ಹೊತ್ತು ಜನ ಕುಷ್ಟಗಿಗೆ ಬಂದು ರೈಲು ಹತ್ತುತ್ತಾರೆ. ಬೆಳಿಗ್ಗೆ ಹೋಗಿ, ಕೆಲಸ ಮುಗಿಸಿ, ರಾತ್ರಿ ಮನೆಯಲ್ಲಿ ಊಟ ಮಾಡಬಹುದು. ಬಸ್ಸಿನಲ್ಲಿ ಅಷ್ಟು ದೂರ ಹೋಗಿ ಬಂದರೆ ಮರುದಿನ ಸೊಂಟ ಏಳುವುದಿಲ್ಲ.

2025ರ ಮೇ 15ರಂದು ರೈಲ್ವೆ ರಾಜ್ಯ ಸಚಿವ ಸೋಮಣ್ಣನವರು ಹಸಿರು ನಿಶಾನೆ ತೋರಿಸಿದಾಗ ನಮ್ಮೂರ ಜನ ಹೇಗೆ ಸೇರಿದ್ದರು ಗೊತ್ತಾ? ಎಂಜಿನ್‌ಗೆ ಹೂವಿನ ಹಾರ, ತೆಂಗಿನಕಾಯಿ, ಡೊಳ್ಳು. ನಮ್ಮ ಅಜ್ಜನಿಗೆ ಊರಲ್ಲಿ ರೈಲು ಬರುತ್ತೆ ಅಂದರೆ ನಗು ಬರ್ತಿತ್ತು. ಅವರು ಬದುಕಿರುವಾಗಲೇ ಬಂತು. ಒಂದೇ ರೈಲಾದರೂ ಬಂತಲ್ಲ ಅನ್ನೋದು ನಮ್ಮ ಲೆಕ್ಕ.

ಗ್ಯಾಂಗ್‌ಮನ್_ಮಗ

ಮೊದಲ ಪೋಸ್ಟ್‌ನಲ್ಲಿ ಕಪ್ಪು ನೆಲ ಅಂತ ಒಂದೇ ಮಾತಲ್ಲಿ ಮುಗಿಸಿದ್ದೀರಿ. ಈ ಲೈನಿನ ಅಸಲಿ ಕಷ್ಟ ಅಲ್ಲೇ ಇರೋದು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಜಲ್ಲಿ ಸುರಿದರೆ ಜಲ್ಲಿ ಕೆಳಗಿಳಿಯುತ್ತದೆ, ಕೆಸರು ಮೇಲೆ ಬರುತ್ತದೆ. ರೈಲು ಹೋದಾಗೆಲ್ಲ ಹಳಿ ಕೆಳಗಿನ ಅಡ್ಡ ಸ್ಲೀಪರ್ ಕುಣಿಯುತ್ತದೆ. ಅದಕ್ಕೆ ಹಳಿಗೆ ಅಂತ ಎತ್ತರಿಸಿದ ಮಣ್ಣಿನ ಏರಿಯ ಮೇಲ್ಭಾಗದಲ್ಲಿ ಸಣ್ಣ ಕಲ್ಲು, ಮರಳು, ಪುಡಿ ಎಲ್ಲಾ ಲೆಕ್ಕದ ಪ್ರಕಾರ ಬೆರೆಸಿದ ಒಂದು ಪದರ ಹಾಕಿ ರೋಲರ್ ಓಡಿಸುತ್ತಾರೆ. 'ಬ್ಲಾಂಕೆಟ್' ಅಂತಾರೆ. ಅದರ ಮೇಲೆ ಜಲ್ಲಿ, ಅದರ ಮೇಲೆ ಕಾಂಕ್ರೀಟ್ ಸ್ಲೀಪರ್.

ಇಷ್ಟು ಮಾಡಿದರೂ ಹೊಸ ಏರಿ ಕೆಲವು ಮಳೆಗಾಲ ಕಾಣಬೇಕು. ಅಲ್ಲಿವರೆಗೆ ಕೂರುತ್ತಲೇ ಇರುತ್ತದೆ. ಎಲ್ಲೆಲ್ಲಿ ಕೂತಿದೆ ಅಂತ ನೋಡಿ ಜಲ್ಲಿ ತುಂಬಿ ಮತ್ತೆ ಮತ್ತೆ ಪ್ಯಾಕಿಂಗ್ ಮಾಡ್ತಾರೆ. ಹೊಸ ಲೈನಿನಲ್ಲಿ ರೈಲು ನಿಧಾನ ಅಂತ ಬೈಯುವವರು ಇದನ್ನ ನೆನಪಿಡಿ. ನಮ್ಮಪ್ಪ ಹೆಗಲ ಮೇಲೆ ಸುತ್ತಿಗೆ ಹೊತ್ತು ದಿನಾ ಹಳಿ ಮೇಲೆ ನಡೀತಿದ್ದರು. ಈಗಲೂ ರೈಲಲ್ಲಿ ಕೂತರೆ ಕಣ್ಣು ಮುಚ್ಚಿ, "ಇಲ್ಲಿ ಪ್ಯಾಕಿಂಗ್ ಸಡಲ ಐತಿ" ಅಂತಾರೆ.

ಇನ್ನೊಂದು ಮಾತು. ಜನ ಹತ್ತೋ ರೈಲು ಬಿಡುವ ಮೊದಲು ಹೊಸ ಲೈನನ್ನ ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷೆ ಮಾಡಬೇಕು. ಅವರು ಬರೋದು ರೈಲ್ವೆ ಸಚಿವಾಲಯದ ಕೈಕೆಳಗೆ ಅಲ್ಲ, ವಿಮಾನಯಾನ ಸಚಿವಾಲಯದ ಕೆಳಗೆ. ಹಾಕಿದವರೇ ಪಾಸು ಮಾಡಬಾರದು ಅನ್ನೋ ಲೆಕ್ಕ. ಯಾವ ವೇಗದಲ್ಲಿ ಓಡಿಸಬಹುದು ಅಂತ ಹೇಳೋರೂ ಅವರೇ.

ಟೀಚರ್_ಯಲಬುರ್ಗಾ

ಎಲ್ಲರೂ ರೈಲಿನ ಒಳಗಿಂದ ನೋಡ್ತಾ ಇದ್ದೀರಿ. ನಾನು ಕೆಳಗಿಂದ ನೋಡಿದ್ದು ಹೇಳ್ತೀನಿ.

ಹೊಸ ಲೈನಿನಲ್ಲಿ ಗೇಟ್ ಇಲ್ಲ. ಗೇಟ್ ಇದ್ದರೆ ಅಪಘಾತ ಆಗುತ್ತೆ, ಕಾಯೋಕೆ ಜನ ಬೇಕು ಅಂತ ಈಗ ಎಲ್ಲಾ ಕಡೆ ಕೆಳಸೇತುವೆ ಮಾಡ್ತಾರೆ. ಒಳ್ಳೆಯದೇ. ಆದರೆ ಹೊಲದ ದಾರಿಗೆ ಮಾಡಿದ ಕೆಳಸೇತುವೆಯೊಳಗೆ ಮಳೆ ಬಂದರೆ ಮೊಳಕಾಲುದ್ದ ನೀರು. ನಾನು ಶಾಲೆಗೆ ಸ್ಕೂಟಿಯಲ್ಲಿ ಹೋಗೋದು. ಒಂದು ಮಳೆಗೆ ಆ ಕೆಸರಲ್ಲಿ ಗಾಡಿ ನಿಂತು, ನಮ್ಮ ಆರನೇ ಕ್ಲಾಸಿನ ಹುಡುಗರೇ ಬಂದು ದೂಡಿದರು. ಸಂಬಂಧಪಟ್ಟವರಿಗೆ ಅರ್ಜಿ ಕೊಟ್ಟರೆ ಪಂಪ್ ಇಡ್ತೀವಿ ಅಂದರು. ಪಂಪ್ ಬಂತು, ಕರೆಂಟ್ ಬರಲಿಲ್ಲ.

ಹತ್ತಿ ಹೇರಿದ ಟ್ರ್ಯಾಕ್ಟರ್ ನೋಡಿದ್ದೀರಲ್ಲ, ಟ್ರೈಲರ್‌ಗಿಂತ ಮೇಲೆ ಎರಡು ಆಳು ಎತ್ತರ ಹೇರಿರ್ತಾರೆ. ಅದು ಆ ಸೇತುವೆಯಲ್ಲಿ ಹಾಯುವುದಿಲ್ಲ. ಸುತ್ತು ಹೊಡೆದು ದೊಡ್ಡ ರಸ್ತೆಗೆ ಹೋಗಬೇಕು. ರೈಲು ಬೇಡ ಅಂತ ನಾನು ಹೇಳ್ತಿಲ್ಲ. ನನ್ನ ಮಗಳು ಧಾರವಾಡದಲ್ಲಿ ಓದ್ತಾಳೆ, ಇದೇ ರೈಲಿಗೆ ಹುಬ್ಬಳ್ಳಿಗೆ ಹೋಗೋದು. ಆದರೆ ಏರಿಯ ಆ ಕಡೆ ಹೊಲ, ಈ ಕಡೆ ಮನೆ ಇರುವವರನ್ನೂ ಒಮ್ಮೆ ಮಾತಾಡಿಸಿ.

ಹಳಿಮೇಲೆ_ಕೊಪ್ಪಳ

ಮೇಡಂ, ಇದು ನನ್ನ ಕಣ್ಣಿಗೆ ಬೀಳುವ ವಿಷಯವೇ ಅಲ್ಲ, ಬರೆದಿದ್ದಕ್ಕೆ ಥ್ಯಾಂಕ್ಸ್. ಕಿಟಕಿಯಿಂದ ನೋಡಿದರೆ ಕೆಳಸೇತುವೆ ಅಂದರೆ ಒಂದು ಕ್ಷಣದ ಗುಡುಗು ಸದ್ದು, ಅಷ್ಟೇ.

ಸಿಂಧನೂರು_ಸೋನಾ

ಕುಷ್ಟಗಿಯವರು ಪುಣ್ಯವಂತರು ರೀ. ನಿಮ್ಮ ಲೈನು ಸೇರಿರುವ ಗದಗ–ವಾಡಿ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2013–14ರಲ್ಲಿ. ನಿಮ್ಮ ತುಂಡು 2025ಕ್ಕೆ ಬಂತು. ನಮ್ಮ ಮುನಿರಾಬಾದ್–ಮಹಬೂಬ್‌ನಗರ ಲೈನಿಗೆ ಒಪ್ಪಿಗೆ ಸಿಕ್ಕಿದ್ದು 1997–98ರಲ್ಲಿ! ಸಿಂಧನೂರಿಗೆ ರೈಲು ಬಂದಿದ್ದು 2024ರ ಮಾರ್ಚ್‌ನಲ್ಲಿ. ಒಪ್ಪಿಗೆಯ ವರ್ಷ ಹುಟ್ಟಿದ ಹುಡುಗ ಅಷ್ಟರಲ್ಲಿ ಡಿಗ್ರಿ ಮುಗಿಸಿ, ಮದುವೆಯಾಗಿ, ಮಗುವಿಗೆ ಜವಳ ಮಾಡಿಸಿದ್ದ.

ಆ ಕಡೆ ತೆಲಂಗಾಣದವರು ದೇವರಕದ್ರದಿಂದ ಕೃಷ್ಣಾವರೆಗೆ ಜೋಡಿಸಿಬಿಟ್ಟರು. 2023ರ ಅಕ್ಟೋಬರ್ 1ರಂದು ಪ್ರಧಾನಿ ಅದಕ್ಕೆ ಚಾಲನೆ ಕೊಟ್ಟು, ಕಾಚಿಗುಡ–ರಾಯಚೂರು ರೈಲೂ ಶುರುವಾಯಿತು. ಉಳಿದಿದ್ದು ಸಿಂಧನೂರಿಂದ ಮಾನ್ವಿ ಮೇಲೆ ರಾಯಚೂರು. ಅದೊಂದು ಆದರೆ ನಮ್ಮ ಅಕ್ಕಿ ನೇರವಾಗಿ ಹೈದರಾಬಾದ್ ಕಡೆ ಹೋಗುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಅಂದರೆ ಬರೀ ರೈಸ್ ಮಿಲ್ ಸಾಲು. ಈಗ ಎಲ್ಲಾ ಲಾರಿ ಮೇಲೆ.

ನಮ್ಮ ಲೈನಿನಲ್ಲೂ ಟ್ರಿಪ್ ಮಾಡಿ. ಗಂಗಾವತಿ ದಾಟಿದ ಮೇಲೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಶುರುವಾಗುತ್ತದೆ. ಭತ್ತ ಹಸಿರಿರುವಾಗ ಬಂದರೆ ಎರಡೂ ಕಡೆ ಕಣ್ಣು ಹಾಯಿಸಿದಷ್ಟೂ ಗದ್ದೆ. ಕುಷ್ಟಗಿ ಕಡೆಯ ಒಣ ಬೇಸಾಯ ನೋಡಿ ಬಂದವರಿಗೆ ಇದೂ ಅದೇ ಜಿಲ್ಲೆನಾ ಅನ್ನಿಸುತ್ತದೆ.

ರಾಯಚೂರು_ಪ್ಲಾಟ್‌ಫಾರ್ಮ್

ನಮ್ಮ ಕಥೆ ಇನ್ನೂ ವಿಚಿತ್ರ. ರಾಯಚೂರಿಗೆ ರೈಲು ಬಂದಿದ್ದು 1871ರಲ್ಲಿ. ಬಾಂಬೆ ಕಡೆಯಿಂದ ಬಂದ ಲೈನೂ ಮದ್ರಾಸ್ ಕಡೆಯಿಂದ ಬಂದ ಲೈನೂ ಕೂಡಿದ್ದೇ ನಮ್ಮೂರಲ್ಲಿ. ಅಷ್ಟು ಹಳೇ ನಿಲ್ದಾಣ ಇದ್ದೂ ಮಾನ್ವಿಯವರು, ಲಿಂಗಸುಗೂರಿನವರು ಬಸ್‌ಸ್ಟ್ಯಾಂಡಿನಲ್ಲೇ ನಿಂತಿದ್ದಾರೆ. ಕುಷ್ಟಗಿಯಿಂದ ಮುಂದೆ ಲೈನು ಲಿಂಗಸುಗೂರು, ಸುರಪುರ, ಶಹಾಪುರ ಮೇಲೆ ವಾಡಿಗೆ ಹೋಗಬೇಕು. ಅದು ಆದ ದಿನ ಕುಷ್ಟಗಿಯಲ್ಲಿ ಎಂಜಿನ್ ಬಿಚ್ಚಿ ಜೋಡಿಸೋದು ನೋಡೋಕೆ ಸಿಗುವುದಿಲ್ಲ, ಹಳಿಮೇಲೆ ಅವರು ಬೇಜಾರು ಮಾಡಿಕೊಳ್ಳಬೇಡಿ.

ವಾಡಿ ಅಂದರೆ ಸೋಲಾಪುರ, ಮುಂಬೈ, ಹೈದರಾಬಾದ್ ಎಲ್ಲಾ ದಾರಿ ಕೂಡುವ ಜಾಗ. ಈ 56 ಕಿ.ಮೀ.ಗೆ ಅಸಲಿ ಬೆಲೆ ಬರೋದು ಆವಾಗ. ಈಗ ಒಂದೇ ರೈಲು ಅಂತ ಲೆಕ್ಕ ಹಾಕಿ ಲೈನು ದಂಡ ಅನ್ನೋದು ಸರಿಯಲ್ಲ.

ಹಳಿಮೇಲೆ_ಕೊಪ್ಪಳ

ದಂಡ ಅಂತ ನಾನೆಲ್ಲಿ ಅಂದೆ? ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಜಿಲ್ಲೆಯ ನಕ್ಷೆ ಮುಂದೆ ಇಟ್ಟುಕೊಳ್ಳಿ. ಹಳೇ ಲೈನು ಪಶ್ಚಿಮದಿಂದ ಪೂರ್ವಕ್ಕೆ: ತಳಕಲ್, ಭಾನಾಪುರ, ಕೊಪ್ಪಳ, ಗಿಣಿಗೇರಾ. ತಳಕಲ್‌ನಲ್ಲಿ ಕುಷ್ಟಗಿ ಲೈನು ಕವಲೊಡೆಯುತ್ತದೆ, ಗಿಣಿಗೇರಾದಲ್ಲಿ ಸಿಂಧನೂರು ಲೈನು. ಎರಡರ ನಡುವೆ ಕೊಪ್ಪಳ. ಸಿಂಧನೂರಿಂದ ಹುಬ್ಬಳ್ಳಿಗೆ ಹೋಗೋ ರೈಲು ಕೊಪ್ಪಳದ ಮೇಲೇ ಹೋಗಬೇಕು. ಹಾಗಾಗಿ ಗಂಗಾವತಿಯವರಿಗೆ, ಕಾರಟಗಿಯವರಿಗೆ ಜಿಲ್ಲಾ ಕೇಂದ್ರ ರೈಲಿಗೆ ಸಿಕ್ಕಿತು. ಕುಷ್ಟಗಿ, ಯಲಬುರ್ಗಾ, ಕುಕನೂರಿನವರಿಗೆ ಸಿಗಲಿಲ್ಲ.

ಜಿಲ್ಲೆಯಲ್ಲಿ ಏಳು ತಾಲ್ಲೂಕು. ಈಗ ಕನಕಗಿರಿ ಒಂದು ಬಿಟ್ಟು ಉಳಿದ ಆರೂ ತಾಲ್ಲೂಕು ಕೇಂದ್ರಗಳಿಗೆ ಹಳಿ ಮುಟ್ಟಿದೆ. ಇಂಥ ಜಿಲ್ಲೆ ಈ ಭಾಗದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕುಷ್ಟಗಿಯಿಂದ ಹೊರಟು ಯಲಬುರ್ಗಾ, ಕುಕನೂರು, ತಳಕಲ್, ಕೊಪ್ಪಳ, ಗಿಣಿಗೇರಾ, ಗಂಗಾವತಿ, ಕಾರಟಗಿ ಮೇಲೆ ಸಿಂಧನೂರಿಗೆ ಒಂದು ರೈಲು ಓಡಿಸಿ ನೋಡಲಿ. ಹೊಸ ಹಳಿ ಒಂದು ಅಡಿ ಹಾಕಬೇಕಿಲ್ಲ. ಇದ್ದ ಹಳಿ ಸಾಕು. ಹುಬ್ಬಳ್ಳಿ ರೈಲು ಇರಲಿ, ಅದರ ಜೊತೆಗೆ ಇದು.

ಗ್ಯಾಂಗ್‌ಮನ್_ಮಗ

ಐಡಿಯಾ ಚೆನ್ನಾಗಿದೆ. ಆದರೆ ಹಳಿ ಇದ್ದ ಮಾತ್ರಕ್ಕೆ ರೈಲು ಓಡುವುದಿಲ್ಲ ಅಣ್ಣಾ. ಬೋಗಿ ಬೇಕು, ಚಾಲಕರು ಬೇಕು, ಅವರಿಗೆ ವಿಶ್ರಾಂತಿಗೆ ರೂಮು ಬೇಕು, ಬೋಗಿ ತೊಳೆದು ಪರೀಕ್ಷೆ ಮಾಡೋಕೆ ಜಾಗ ಬೇಕು. ಈಗಿನ ರೈಲು ಹುಬ್ಬಳ್ಳಿಗೆ ಹೋಗಿ ಮಧ್ಯಾಹ್ನ ಅಲ್ಲಿ ಬಿಡುವಾಗುವುದರಿಂದ ಆ ಅನುಕೂಲ ಇದೆ. ಜೊತೆಗೆ ತಳಕಲ್–ಗಿಣಿಗೇರಾ ನಡುವಿನ ಲೈನು ಖಾಲಿ ಇಲ್ಲ. ಗೋವಾದಿಂದ ತೋರಣಗಲ್ ಕಾರ್ಖಾನೆಗೆ ಕಲ್ಲಿದ್ದಲು ಹೋಗೋ ದಾರಿ ಅದೇ. ಡಬಲ್ ಲೈನ್ ಆದ ಮೇಲೆ ಸುಧಾರಿಸಿದೆ, ನಿಜ.

ನೀವು ಹೇಳೋ ರೈಲು ಮೆಮು ಆದರೆ ಅರ್ಧ ತಲೆನೋವು ಹೋಗುತ್ತದೆ. ಎರಡೂ ತುದಿಗೆ ಚಾಲಕನ ಕ್ಯಾಬಿನ್ ಇರುತ್ತದೆ, ಎಂಜಿನ್ ಬಿಚ್ಚೋ ಕೆಲಸ ಇಲ್ಲ. ಮೆಮುಗೆ ವಿದ್ಯುತ್ ತಂತಿ ಬೇಕು. ತಂತಿ ಇಲ್ಲದ ಕಡೆ ಡೀಸೆಲ್‌ನ ಡೆಮು ಆಗಬಹುದು.

ಬಳ್ಳಾರಿ_ಬೋಗಿ

ಎಲ್ಲಾ ಸರಿ, ಹತ್ತೋರು ಯಾರು? ನಮ್ಮನೆ ಹೆಣ್ಮಕ್ಕಳು 2023ರ ಜೂನ್‌ನಿಂದ ರೈಲು ನಿಲ್ದಾಣದ ಕಡೆ ತಲೆ ಹಾಕಿ ಮಲಗಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಬಸ್ಸು ಮನೆ ಮುಂದೆ ನಿಲ್ಲುತ್ತೆ, ತಾಸಿಗೊಂದು ಇರುತ್ತೆ. ರೈಲು ನಿಲ್ದಾಣಕ್ಕೆ ಹೋಗೋ ಆಟೊ ದುಡ್ಡೇ ರೈಲು ಟಿಕೆಟ್‌ಗಿಂತ ಜಾಸ್ತಿ. ಜಿಲ್ಲೆಯೊಳಗಿನ ಸಣ್ಣ ದೂರಕ್ಕೆ ರೈಲು ಬಿಟ್ಟರೆ ಬಸ್ಸಿನ ಎದುರು ನಿಲ್ಲೋದು ಕಷ್ಟ.

ಟೀಚರ್_ಯಲಬುರ್ಗಾ

ಅದು ಅರ್ಧ ನಿಜ. ಬಸ್ಸು ಫ್ರೀ ಆದ ಮೇಲೆ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇಲ್ಲ. ವಯಸ್ಸಾದವರು, ಬಸುರಿ ಹೆಂಗಸರು, ಕೂಸು ಎತ್ತಿಕೊಂಡವರು ರೈಲೇ ವಾಸಿ ಅಂತಾರೆ. ಶೌಚಾಲಯ ಇರುತ್ತೆ ಅನ್ನೋದನ್ನ ಗಂಡಸರು ಲೆಕ್ಕಕ್ಕೇ ತಗೊಳ್ಳೋದಿಲ್ಲ. ಸಮಯ ಸರಿ ಇದ್ದರೆ ಜನ ಹತ್ತುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಕೊಪ್ಪಳದಲ್ಲಿ ಇಳಿಸಿ, ಸಂಜೆ ಐದೂವರೆಗೆ ವಾಪಸ್ ಹತ್ತಿಸಿಕೊಂಡು ಬರಲಿ. ಕಚೇರಿ ಕೆಲಸದವರು, ಕಾಲೇಜು ಹುಡುಗರು ತುಂಬಿಹೋಗ್ತಾರೆ.

ಕುಷ್ಟಗಿ_ಬಯಲು

ಮೇಡಂ ಹೇಳಿದ ಸಮಯಕ್ಕೆ ನನ್ನದೂ ಒಂದು ವೋಟು. ಕೊಪ್ಪಳದ ಕೋರ್ಟ್ ಕೆಲಸಕ್ಕೆ ಹೋಗೋ ದಿನ ನಾನೂ ಬಸ್ಸಿಗೇ ನೇತಾಡೋದು. ಹುಬ್ಬಳ್ಳಿ ರೈಲು ಕಿತ್ತುಕೊಂಡು ಇದನ್ನ ಕೊಡ್ತೀವಿ ಅಂದರೆ ಮಾತ್ರ ಹಳಿ ಮೇಲೆ ಕೂರ್ತೀವಿ.

ಕ್ಯಾಮೆರಾ_ಚೀಲ

ಚರ್ಚೆ ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಬೆಂಗಳೂರಿನವನು. ಕಟಿಂಗ್ ಹತ್ತಿರ ಕೆಳಗೆ ನಿಂತು ರೈಲಿನ ಫೋಟೊ ತೆಗೆಯಬೇಕು ಅಂತ ಆಸೆ. ಹಳಿ ಪಕ್ಕ ನಡೆದು ಹೋಗಬಹುದಾ? ಹಾಗೇ ಇಟಗಿ ದೇವಸ್ಥಾನ ಇದೇ ದಾರಿಯಲ್ಲಿ ಸೇರಿಸಬಹುದಾ?

ಹಳಿಮೇಲೆ_ಕೊಪ್ಪಳ

ಹಳಿ ಪಕ್ಕ ನಡೆಯಲೇಬೇಡಿ. ರೈಲ್ವೆ ಕಾಯ್ದೆ 147ನೇ ಕಲಂ ಪ್ರಕಾರ ಅದು ಅತಿಕ್ರಮಣ. ದಂಡವೂ ಇದೆ, ಜೈಲೂ ಇದೆ. ಡ್ರೋನ್ ಮಾತು ಬಿಟ್ಟೇಬಿಡಿ. ಗಾಳಿಯಂತ್ರಗಳ ಹಿನ್ನೆಲೆಯಲ್ಲಿ ರೈಲು ಬೇಕು ಅಂದರೆ ಯಲಬುರ್ಗಾ–ಕುಕನೂರು ಕಡೆ ರೈಲು ಏರಿ ಮೇಲೆ ಹೋಗುವ ಜಾಗ ನೋಡಿಕೊಂಡು, ಹೊಲದ ಬದುವಿನಲ್ಲಿ ನಿಲ್ಲಿ. ಹೊಲದವರನ್ನ ಒಂದು ಮಾತು ಕೇಳಿ. "ಯಣ್ಣಾ, ಒಂದು ಫೋಟೊ ತಗೊಂಡು ಹೋಗ್ತೀನಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ, ಚಹಾ ಕುಡಿಸಿ ಕಳಿಸ್ತಾರೆ.

ಇಟಗಿ ಆರಾಮಾಗಿ ಸೇರಿಸಬಹುದು. ಬೆಳಗಿನ ರೈಲಿಗೆ ಕುಷ್ಟಗಿಯಲ್ಲಿ ಹತ್ತಿ ಕುಕನೂರಿನಲ್ಲಿ ಇಳಿಯಿರಿ. ಮೊದಲು ಊರಲ್ಲೇ ನವಲಿಂಗ ದೇವಾಲಯ ನೋಡಿ, ರಾಷ್ಟ್ರಕೂಟರ ಕಾಲದ್ದು. ಆಮೇಲೆ ಇಟಗಿಗೆ ಬಸ್ಸೋ ಆಟೊನೋ ಹಿಡಿಯಿರಿ. ಮಹಾದೇವ ದೇವಾಲಯ 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಅಲ್ಲಿನ ಶಾಸನವೇ ಅದನ್ನ 'ದೇವಾಲಯ ಚಕ್ರವರ್ತಿ' ಅಂತ ಕರೆಯುತ್ತದೆ. ಬಾಗಿಲುವಾಡದ ಕೆತ್ತನೆ ಹತ್ತಿರದಿಂದ ನೋಡಿ, ಬಳಪದ ಕಲ್ಲು ಎಷ್ಟು ನುಣುಪು ಅಂತ ಗೊತ್ತಾಗುತ್ತದೆ. ವಾಪಸ್ ಬರೋಕೆ ಹತ್ತಿರದ ಬನ್ನಿಕೊಪ್ಪ ನಿಲ್ದಾಣವೂ ಇದೆ, ಆದರೆ ಎಲ್ಲಾ ರೈಲು ಅಲ್ಲಿ ನಿಲ್ಲುವುದಿಲ್ಲ.

ಕ್ಯಾಮೆರಾ_ಚೀಲ

ಬೆಂಗಳೂರಿಂದ ಹೇಗೆ ಬರಲಿ?

ಸಿಂಧನೂರು_ಸೋನಾ

ನಮ್ಮ ಸಿಂಧನೂರು ರೈಲಿಗೆ ಯಶವಂತಪುರದಲ್ಲಿ ರಾತ್ರಿ ಹತ್ತಿ. ಮೊದಲ ದಿನ ನಮ್ಮ ಲೈನು, ಎರಡನೇ ದಿನ ಕುಷ್ಟಗಿ ಲೈನು. ಸಿಂಧನೂರಿಂದ ಕುಷ್ಟಗಿಗೆ ಬಸ್ಸು ಸಿಗುತ್ತದೆ. ಇಳಿದ ಮೇಲೆ ಇಲ್ಲೇ ಒಂದು ಮೆಸೇಜ್ ಹಾಕಿ, ಊಟಕ್ಕೆ ಎಲ್ಲಿ ಹೋಗಬೇಕು ಅಂತ ಹೇಳ್ತೀನಿ.

ಹಳಿಮೇಲೆ_ಕೊಪ್ಪಳ

ಇದು ನನ್ನ ಪ್ಲಾನಿಗಿಂತ ಚೆನ್ನಾಗಿದೆ. ಹೊರಡುವ ಮುಂಚೆ ರೈಲಿನ ಸಮಯ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಕುಷ್ಟಗಿ ರೈಲು ತಪ್ಪಿದರೆ ಮುಂದಿನದು ಮರುದಿನವೇ.